ಬಾಂಬೆಯ ಹುಡುಗಿ, ಕಾರಾಪುರದ ಹುಡುಗ ಮತ್ತು ಅಮೆರಿಕದ ಹಣೆಪಟ್ಟಿಗಳು

2023ರ ಜನವರಿಯಲ್ಲಿ ಆಸ್ಕರ್ ನಾಮನಿರ್ದೇಶನಗಳ ಪಟ್ಟಿ ಹೊರಬಿತ್ತು. ಮಲೇಷ್ಯಾದಲ್ಲಿ ಹುಟ್ಟಿದ ಮಿಶೆಲ್ ಯೋ ಅತ್ಯುತ್ತಮ ನಟಿಯರ ಸಾಲಿನಲ್ಲಿದ್ದರು. ಅಮೆರಿಕದ ಪತ್ರಿಕೆಯೊಂದು ಆ ಸುದ್ದಿಯನ್ನು ಸ್ವಲ್ಪ ಸುತ್ತಿ ಬಳಸಿ ಹೇಳಿತು. ತಮ್ಮನ್ನು ಏಷ್ಯನ್ ಎಂದು ಗುರುತಿಸಿಕೊಂಡವರಲ್ಲಿ ಈ ಪಟ್ಟಿಗೆ ಬಂದ ಮೊದಲಿಗರು ಇವರು ಅಂತ. ಸುಮ್ನೆ 'ಮೊದಲ ಏಷ್ಯನ್ ನಟಿ' ಅಂದಿದ್ದರೆ ಸಾಕಿತ್ತಲ್ವಾ ಎಂದು ಬಹಳ ಜನ ಕೇಳಿದರು.

ಸಾಕಾಗುತ್ತಿರಲಿಲ್ಲ. ಅದಕ್ಕೆ 87 ವರ್ಷ ಮೊದಲು, 1936ರಲ್ಲಿ, ಇದೇ ಪಟ್ಟಿಯಲ್ಲಿ ಮರ್ಲ್ ಓಬೆರಾನ್ ಎಂಬ ನಟಿಯ ಹೆಸರಿತ್ತು. ಆಕೆ ಹುಟ್ಟಿದ್ದು ಬಾಂಬೆಯಲ್ಲಿ, ಬೆಳೆದಿದ್ದು ಬಾಂಬೆ ಮತ್ತು ಕಲ್ಕತ್ತೆಯಲ್ಲಿ. ಆ ವಿಷಯವನ್ನು ಆಕೆ ಬದುಕಿರುವ ತನಕ ಮುಚ್ಚಿಟ್ಟರು. ಹಾಗಾದರೆ ಆಕೆ ಏಷ್ಯನ್ ಹೌದೋ ಅಲ್ಲವೋ? ಹುಟ್ಟಿದ ಊರು ಹೌದು ಅನ್ನುತ್ತದೆ, ಆಕೆಯ ಬಾಯಿ ಇಲ್ಲ ಅಂದಿತ್ತು. 'ಗುರುತಿಸಿಕೊಂಡ' ಎಂಬ ಒಂದು ಪದ ಸೇರಿಸಿ ಪತ್ರಿಕೆಯವರು ಈ ತೊಡಕನ್ನು ದಾಟಿದರು.

ಮರ್ಲ್ ಯಾಕೆ ಮುಚ್ಚಿಟ್ಟರು ಅಂತ ತಿಳಿಯಬೇಕಾದರೆ ಸಿನಿಮಾಕ್ಕಿಂತ ಮೊದಲು ಅಮೆರಿಕದ ಜನಗಣತಿಯನ್ನೂ ಕೋರ್ಟುಗಳನ್ನೂ ನೋಡಬೇಕು. ಅಲ್ಲಿ ಬಿಳಿಯ, ಕರಿಯ, ಏಷ್ಯನ್, ಹಿಸ್ಪಾನಿಕ್ ಎಂಬ ಹಣೆಪಟ್ಟಿಗಳು ಮೈಬಣ್ಣ ನೋಡಿ ತಾವಾಗಿ ಹುಟ್ಟಿದವಲ್ಲ. ಯಾರಿಗೆ ಪೌರತ್ವ ಕೊಡಬೇಕು, ಯಾರು ಜಮೀನು ಕೊಳ್ಳಬಹುದು, ಯಾರು ಯಾರನ್ನು ಮದುವೆಯಾಗಬಹುದು ಎಂದು ತೀರ್ಮಾನಿಸಲು ಸರ್ಕಾರ ಮಾಡಿಕೊಂಡ ವಿಂಗಡಣೆ ಅದು. ಸಿನಿಮಾದವರು ಅದೇ ವಿಂಗಡಣೆಯನ್ನು ಎತ್ತಿಕೊಂಡು ಯಾರಿಗೆ ಯಾವ ಪಾತ್ರ ಎಂದು ತೀರ್ಮಾನಿಸಿದರು.

ಅಮೆರಿಕದ ಮೊದಲ ಜನಗಣತಿ ನಡೆದದ್ದು 1790ರಲ್ಲಿ. ಸ್ವತಂತ್ರ ಬಿಳಿಯರು, ಉಳಿದ ಸ್ವತಂತ್ರರು, ಗುಲಾಮರು ಎಂದು ಎಣಿಸಿದರು. ಅದೇ ವರ್ಷ ಬಂದ ಕಾನೂನು, ಹೊರಗಿನಿಂದ ಬಂದವರಲ್ಲಿ 'ಸ್ವತಂತ್ರ ಬಿಳಿಯ ವ್ಯಕ್ತಿ'ಗೆ ಮಾತ್ರ ಪೌರತ್ವ ಎಂದಿತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಏಷ್ಯಾದವರಿಗೆ ಜಾಗ ಇರಲಿಲ್ಲ.

ಈ ವಿಂಗಡಣೆ ಎಷ್ಟು ಸೂಕ್ಷ್ಮಕ್ಕೆ ಇಳಿಯಿತು ಅಂದ್ರೆ, 1890ರ ಗಣತಿಯಲ್ಲಿ ರಕ್ತವನ್ನು ಭಿನ್ನರಾಶಿಯಲ್ಲಿ ಅಳೆದರು. ಮುಕ್ಕಾಲು ಅಥವಾ ಅದಕ್ಕಿಂತ ಜಾಸ್ತಿ ಕರಿಯ ರಕ್ತವಿದ್ದರೆ ಬ್ಲ್ಯಾಕ್. ಕಾಲು ಭಾಗವಿದ್ದರೆ ಕ್ವಾಡ್ರೂನ್. ಎಂಟನೇ ಒಂದು ಭಾಗ ಅಥವಾ ಒಂದು ಸುಳಿವು ಇದ್ದರೂ ಆಕ್ಟೊರೂನ್. ಇದನ್ನು ಬರೆದುಕೊಳ್ಳುತ್ತಿದ್ದವರು ಮನೆ ಬಾಗಿಲಿಗೆ ಬರುವ ಗಣತಿದಾರರು. ಮುಂದೆ ನಿಂತವರ ಮುಖ ನೋಡಿ ಅವರೇ ತುಂಬಿಕೊಳ್ಳುತ್ತಿದ್ದರು. 'ನಾನು ಇಂಥವನು' ಎಂದು ಜನರೇ ಗುರುತು ಹಾಕುವ ಪದ್ಧತಿ ಶುರುವಾದದ್ದು 1960ರ ಹೊತ್ತಿಗೆ.

ಭಾರತೀಯರ ಕಥೆ ಇನ್ನೂ ವಿಚಿತ್ರ. 1920, 1930 ಮತ್ತು 1940ರ ಗಣತಿಗಳಲ್ಲಿ 'ಹಿಂದೂ' ಎಂಬುದೇ ಒಂದು ಜನಾಂಗ. ಸಿಖ್ಖರು, ಮುಸಲ್ಮಾನರು ಎಲ್ಲರೂ ಅದರೊಳಗೆ. 1950 ಮತ್ತು 1960ರಲ್ಲಿ 'ಇತರೆ'. 1970ರಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. ಅಲ್ಲಿನ ಭಾರತೀಯ ಸಂಘಟನೆಗಳು ಬೇಡಿಕೆ ಇಟ್ಟ ಮೇಲೆ 1980ರಲ್ಲಿ 'ಏಷ್ಯನ್ ಇಂಡಿಯನ್' ಎಂಬ ಪ್ರತ್ಯೇಕ ಕಲಂ ಬಂತು. ಕ್ಯಾಲಿಫೋರ್ನಿಯಾದ ತೋಟವೊಂದರಲ್ಲಿ ಅರವತ್ತು ವರ್ಷ ದುಡಿದ ಪಂಜಾಬಿ ರೈತರೊಬ್ಬರನ್ನು ಊಹಿಸಿಕೊಳ್ಳಿ. ಅವರು ಕೂತ ಜಾಗದಲ್ಲೇ ಇದ್ದರು. ಅವರ ಜನಾಂಗ ಮಾತ್ರ ಮೂರು ಸಲ ಬದಲಾಯಿತು!

ಈ ಪಟ್ಟಿಗಳು ಹೇಗೆ ಕೆಲಸ ಮಾಡುತ್ತವೆ ಎಂದು ತೋರಿಸಲು ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. (ನಮ್ಮ ಹುತಾತ್ಮ ಭಗತ್ ಸಿಂಗ್ ಬೇರೆ, ಇವರು ಬೇರೆ.) ಪಂಜಾಬಿನ ಸಿಖ್ಖರಾದ ಇವರು 1913ರಲ್ಲಿ ಅಮೆರಿಕಕ್ಕೆ ಹೋದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಸೇರಿದರು. ಪೌರತ್ವ ಕೇಳಿದರು. ಸಿಕ್ಕಿತು, ಕೆಲವೇ ದಿನಗಳಲ್ಲಿ ರದ್ದಾಯಿತು. ಮತ್ತೆ ಅರ್ಜಿ ಹಾಕಿ 1920ರಲ್ಲಿ ಪಡೆದರು. ಸರ್ಕಾರ ಬಿಡಲಿಲ್ಲ, ಮೇಲ್ಮನವಿ ಹೋಯಿತು. ವಿಷಯ ಸುಪ್ರೀಂ ಕೋರ್ಟಿಗೆ ಮುಟ್ಟಿತು.

ಅದಕ್ಕೆ ಮೂರು ತಿಂಗಳು ಮುಂಚೆ, 1922ರ ನವೆಂಬರಿನಲ್ಲಿ, ಅದೇ ಕೋರ್ಟು ಜಪಾನ್ ಮೂಲದ ತಾಕಾವೊ ಒಜಾವಾ ಅವರ ಅರ್ಜಿ ತಳ್ಳಿಹಾಕಿತ್ತು. ಒಜಾವಾ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರು, ಮನೆಯಲ್ಲಿ ಮಾತಾಡುತ್ತಿದ್ದುದೂ ಇಂಗ್ಲಿಷೇ. ತಮ್ಮ ಚರ್ಮ ಬಿಳಿಯೇ ಎಂದು ಅವರು ವಾದಿಸಿದ್ದರು. ಚರ್ಮದ ಬಣ್ಣ ಮುಖ್ಯವಲ್ಲ, 'ಬಿಳಿಯ' ಅಂದರೆ ಕಕೇಷಿಯನ್ (ಯುರೋಪಿನವರನ್ನು ಸೇರಿಸಿ ಆಗಿನ ಶಾಸ್ತ್ರಜ್ಞರು ಮಾಡಿದ ಗುಂಪು) ಜನಾಂಗದವನು ಎಂದಿತು ಕೋರ್ಟು.

ಥಿಂಡ್ ಈ ಮಾತನ್ನೇ ಹಿಡಿದರು. ಆ ಕಾಲದ ಜನಾಂಗ ಶಾಸ್ತ್ರಜ್ಞರು ಉತ್ತರ ಭಾರತದವರನ್ನು ಕಕೇಷಿಯನ್ ಎಂದೇ ಬರೆದಿದ್ದರು. ಹಾಗಾಗಿ ತಾನೂ ಬಿಳಿಯ ಎಂದು ವಾದ ಕಟ್ಟಿದರು. ಇಲ್ಲಿ ನೋಯಿಸುವ ಮಾತೊಂದಿದೆ, ಅದನ್ನು ಬಿಟ್ಟು ಕಥೆ ಹೇಳಿದರೆ ಸುಳ್ಳಾಗುತ್ತದೆ. ತಾನು ಮೇಲ್ಜಾತಿಯವನು, ತನ್ನದು ಶುದ್ಧ ಆರ್ಯ ರಕ್ತ ಎಂಬುದನ್ನೂ ಆ ವಾದದಲ್ಲಿ ಮುಂದಿಟ್ಟರು. ನಮ್ಮ ಜಾತಿಯ ಏಣಿ ಅಮೆರಿಕದ ಬಣ್ಣದ ಏಣಿ ಹತ್ತಲು ನೆರವಾಗಬಹುದು ಎಂಬ ಆಸೆ ಅದು.

1923ರ ಫೆಬ್ರವರಿಯಲ್ಲಿ ತೀರ್ಪು ಬಂತು. ಬರೆದವರು ಒಜಾವಾ ತೀರ್ಪು ಬರೆದ ಅದೇ ನ್ಯಾಯಮೂರ್ತಿ, ಜಾರ್ಜ್ ಸದರ್‌ಲ್ಯಾಂಡ್. ಅವರೂ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರೇ. ವಿಜ್ಞಾನಿಗಳು ಏನು ಬೇಕಾದರೂ ಹೇಳಲಿ, 'ಬಿಳಿಯ' ಎಂಬ ಪದಕ್ಕೆ ಸಾಮಾನ್ಯ ಮನುಷ್ಯ ಏನು ಅರ್ಥ ಕೊಡುತ್ತಾನೋ ಅದೇ ಅರ್ಥ ಎಂದರು. ಸಾಮಾನ್ಯ ಮನುಷ್ಯನ ಕಣ್ಣಿಗೆ ಹಿಂದೂ ಬಿಳಿಯನಲ್ಲ. ಒಜಾವಾಗೆ ಶಾಸ್ತ್ರ ತೋರಿಸಿ ಬಾಗಿಲು ಹಾಕಿದರು, ಥಿಂಡ್‌ಗೆ ಶಾಸ್ತ್ರವನ್ನು ಪಕ್ಕಕ್ಕಿಟ್ಟು ಬಾಗಿಲು ಹಾಕಿದರು. ಬಾಗಿಲು ಹಾಕುವುದು ಮೊದಲೇ ತೀರ್ಮಾನವಾಗಿತ್ತು ಅಂತಲೇ ನನಗೆ ಅನಿಸುತ್ತದೆ. ಕಾರಣ ಆಮೇಲೆ ಹುಡುಕಿದ್ದು.

ಆ ತೀರ್ಪಿನ ನಂತರ ಹತ್ತಾರು ಭಾರತೀಯರ ಪೌರತ್ವ ಕಿತ್ತುಕೊಂಡರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯ್ ಪೌರತ್ವ ಹೋಗಿ, ಆಸ್ತಿ ಉಳಿಸಿಕೊಳ್ಳಲಾಗದೆ 1928ರಲ್ಲಿ ಜೀವ ಕಳೆದುಕೊಂಡರು. ಥಿಂಡ್‌ಗೆ ಮಾಜಿ ಸೈನಿಕ ಎಂಬ ನೆಲೆಯಲ್ಲಿ 1936ರಲ್ಲಿ ಪೌರತ್ವ ಸಿಕ್ಕಿತು. ಭಾರತೀಯರಿಗೆಲ್ಲ ಆ ಹಕ್ಕು ಬಂದದ್ದು 1946ರಲ್ಲಿ. ಅದೂ ವಲಸೆಗೆ ವರ್ಷಕ್ಕೆ 100 ಜನರ ಮಿತಿ ಇಟ್ಟು.

ಇವತ್ತಿನ ಪಟ್ಟಿಗಳು ಬೇರೆ ಉದ್ದೇಶಕ್ಕೆ ಹುಟ್ಟಿದವು. 1960ರ ದಶಕದ ನಾಗರಿಕ ಹಕ್ಕುಗಳ ಕಾನೂನುಗಳು ಬಂದ ಮೇಲೆ, ತಾರತಮ್ಯ ಆಗುತ್ತಿದೆಯೇ ಎಂದು ಅಳೆಯಲು ಲೆಕ್ಕ ಬೇಕಾಯಿತು. ಹೊರಗಿಡಲು ಮಾಡಿದ ಕಲಂಗಳನ್ನೇ ಈಗ ಒಳಗೆ ಕರೆಯಲು ಬಳಸಿದರು. 1977ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಜನಾಂಗಗಳನ್ನು ಗೊತ್ತುಮಾಡಿತು. ಅದರ ಜೊತೆಗೆ 'ಹಿಸ್ಪಾನಿಕ್ ಹೌದೋ ಅಲ್ಲವೋ' ಎಂಬ ಪ್ರತ್ಯೇಕ ಪ್ರಶ್ನೆ. 1997ರಲ್ಲಿ ಜನಾಂಗ ಐದಾಯಿತು, ಒಂದಕ್ಕಿಂತ ಜಾಸ್ತಿ ಕಲಂಗೆ ಗುರುತು ಹಾಕಲು ಬಿಟ್ಟರು. 2024ರ ಮಾರ್ಚ್‌ನಲ್ಲಿ ಎರಡೂ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡುವ ನಿಯಮ ಬಂತು. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಬೇರೆ ಕಲಂ ಕೊಟ್ಟರು. ಅಲ್ಲಿಯವರೆಗೆ ಈಜಿಪ್ಟಿನವರು, ಇರಾನಿನವರು, ಲೆಬನಾನಿನವರು ಸರ್ಕಾರಿ ಲೆಕ್ಕದಲ್ಲಿ ಬಿಳಿಯರು.

ನಮ್ಮವರಿಗೆ ಜಾಸ್ತಿ ಗೊಂದಲ ಆಗುವುದು ಹಿಸ್ಪಾನಿಕ್ ವಿಷಯದಲ್ಲಿ. ಅದು ಬಣ್ಣದ ಹೆಸರಲ್ಲ. ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರಿಗೆ ಇಟ್ಟ ಹೆಸರು. ಅವರಲ್ಲಿ ಬಿಳಿಯರಿದ್ದಾರೆ, ಕರಿಯರಿದ್ದಾರೆ, ಮೂಲನಿವಾಸಿಗಳಿದ್ದಾರೆ, ಬೆರೆತವರಂತೂ ಬಹಳ. ಲ್ಯಾಟಿನೋ ಅಂದರೆ ಲ್ಯಾಟಿನ್ ಅಮೆರಿಕದವರು. ಬ್ರೆಜಿಲಿನವರು ಮಾತಾಡುವುದು ಪೋರ್ಚುಗೀಸ್, ಹಾಗಾಗಿ ಲ್ಯಾಟಿನೋ ಹೌದು, ಹಿಸ್ಪಾನಿಕ್ ಅಲ್ಲ. ಸ್ಪೇನಿನವರು ಇದಕ್ಕೆ ತಿರುಗಾಮುರುಗಾ. 2020ರಲ್ಲಿ ಸ್ಪೇನಿನ ನಟ ಆಂಟೋನಿಯೊ ಬಂಡೇರಾಸ್ ಆಸ್ಕರ್‌ಗೆ ನಾಮನಿರ್ದೇಶನವಾದಾಗ ಅಮೆರಿಕದ ಕೆಲವು ಮಾಧ್ಯಮಗಳು ಅವರನ್ನು ಬಿಳಿಯೇತರ ನಟರ ಲೆಕ್ಕಕ್ಕೆ ಹಾಕಿದವು. ಸ್ಪೇನಿನ ಜನ ದಂಗಾದರು. ತಮ್ಮ ಊರಲ್ಲಿ ಯುರೋಪಿನವರಾಗಿದ್ದವರು ಅಮೆರಿಕದ ಪತ್ರಿಕೆಯಲ್ಲಿ ಬೇರೆ ಬಣ್ಣದವರಾಗಿದ್ದರು.

ಹೆಸರುಗಳೂ ಹಳಸುತ್ತವೆ. ಒಂದು ಕಾಲದಲ್ಲಿ ನೀಗ್ರೋ ಎಂಬುದು ಗೌರವದ ಪದ. ಅದರ ಮೊದಲ ಅಕ್ಷರವನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಿರಿ ಎಂದು ಕರಿಯರು ಹೋರಾಡಿ ಗೆದ್ದಿದ್ದರು. 60ರ ದಶಕದ ಕೊನೆಗೆ ಬ್ಲ್ಯಾಕ್ ಎಂಬುದು ಹೆಮ್ಮೆಯ ಪದವಾಯಿತು. 1988ರಲ್ಲಿ ಕರಿಯರ ನಾಯಕ ಜೆಸ್ಸಿ ಜಾಕ್ಸನ್ ಮತ್ತಿತರರು ಆಫ್ರಿಕನ್ ಅಮೆರಿಕನ್ ಎಂಬುದನ್ನು ಮುಂದಿಟ್ಟರು. 'ಏಷ್ಯನ್ ಅಮೆರಿಕನ್' ಹುಟ್ಟಿದ್ದು 1968ರಲ್ಲಿ, ಬರ್ಕ್ಲಿಯ ವಿದ್ಯಾರ್ಥಿಗಳ ನಡುವೆ. ಅದಕ್ಕೆ ಮೊದಲು ಇದ್ದ 'ಓರಿಯೆಂಟಲ್' (ಪೂರ್ವದೇಶದವರು) ಎಂಬ ಪದವನ್ನು ಕೇಂದ್ರದ ಕಾನೂನುಗಳಿಂದ ತೆಗೆದುಹಾಕಿದ್ದು 2016ರಲ್ಲಿ. ಮೇಲಿನವರು ಅಂಟಿಸಿದ ಹೆಸರಿಗೂ ಆ ಜನರೇ ಇಟ್ಟುಕೊಂಡ ಹೆಸರಿಗೂ ಬಹಳ ಅಂತರವಿದೆ. ಅಲ್ಲಿ ಓದಲು ಹೋಗುವ ನಮ್ಮ ಹುಡುಗರು ಇದನ್ನು ತಿಳಿದು ಹೋಗುವುದು ಒಳ್ಳೆಯದು.

ಈಗ ಸಿನಿಮಾಕ್ಕೆ ಬರೋಣ.

1930ರಲ್ಲಿ ಹಾಲಿವುಡ್ ತನಗೆ ತಾನೇ ಒಂದು ನೀತಿ ಸಂಹಿತೆ ಬರೆದುಕೊಂಡಿತು. ಹೇಸ್ ಕೋಡ್ ಎಂದು ಅದರ ಹೆಸರು. 1934ರಿಂದ ಬಿಗಿಯಾಗಿ ಜಾರಿಗೆ ಬಂತು. ಬಿಳಿಯರ ಮತ್ತು ಕರಿಯರ ನಡುವೆ ಪ್ರೇಮ, ದಾಂಪತ್ಯ ತೋರಿಸಬಾರದು ಎಂಬುದು ಅದರ ಒಂದು ನಿಯಮ. ಸ್ಟುಡಿಯೋಗಳು ಇದನ್ನು ಏಷ್ಯಾದವರಿಗೂ ಹಿಗ್ಗಿಸಿ ಓದಿಕೊಂಡವು. ಕ್ಯಾಲಿಫೋರ್ನಿಯಾದಲ್ಲಿ ಬಿಳಿಯರು ಮತ್ತು ಏಷ್ಯಾದವರ ಮದುವೆ 1948ರ ತನಕ ಕಾನೂನಿಗೆ ವಿರುದ್ಧವಾಗಿತ್ತು. ತೆರೆಯ ಮೇಲೂ ಅದೇ ಕಟ್ಟಳೆ.

ಇದರ ಪೆಟ್ಟು ಬಿದ್ದದ್ದು ಆನಾ ಮೇ ವಾಂಗ್ ಅವರಿಗೆ. ಲಾಸ್ ಏಂಜಲೀಸಿನಲ್ಲಿ ಬಟ್ಟೆ ಒಗೆಯುವ ಅಂಗಡಿಯವರ ಮಗಳು. ಮೂಕಿ ಚಿತ್ರಗಳ ಕಾಲದಲ್ಲೇ ಹೆಸರು ಮಾಡಿದ್ದರು. ಚೀನಾದ ರೈತ ಕುಟುಂಬವೊಂದರ ಕಥೆಯಾದ 'ದಿ ಗುಡ್ ಅರ್ತ್' ಚಿತ್ರವನ್ನು ಎಂಜಿಎಂ ಸ್ಟುಡಿಯೋ ತೆಗೆಯಲು ಹೊರಟಾಗ, ರೈತನ ಹೆಂಡತಿಯ ಪಾತ್ರ ತಮಗೆ ಸಿಗಬಹುದು ಎಂದು ಆಸೆಪಟ್ಟಿದ್ದರು. ಆದರೆ ರೈತನ ಪಾತ್ರಕ್ಕೆ ಬಿಳಿಯ ನಟ ಪಾಲ್ ಮುನಿ ಆಗಲೇ ಗೊತ್ತಾಗಿದ್ದರು. ಗಂಡ ಬಿಳಿಯನಾದ ಮೇಲೆ ಹೆಂಡತಿ ಚೀನೀ ನಟಿ ಆಗುವ ಹಾಗಿಲ್ಲ!

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಥೆಯಲ್ಲಿ ಗಂಡ ಹೆಂಡತಿ ಇಬ್ಬರೂ ಚೀನೀಯರು. ಕಥೆಯ ಪ್ರಕಾರ ಯಾವ ನಿಯಮವೂ ಮುರಿಯುವುದಿಲ್ಲ. ನೋಡಿದ್ದು ನಟರ ಹಣೆಪಟ್ಟಿಯನ್ನು. ಒಬ್ಬ ನಾಯಕ ನಟ ಬಿಳಿಯ ಎಂದಾದ ಕೂಡಲೇ ಎದುರಿನ ಪಾತ್ರವೂ ತಾನಾಗಿ ಬಿಳಿಯರ ಪಾಲಾಗುತ್ತಿತ್ತು. ಆ ಪಾತ್ರ ಲೂಯಿಸ್ ರೈನರ್‌ಗೆ ಹೋಯಿತು, ಅದಕ್ಕೆ ಅವರಿಗೆ ಆಸ್ಕರ್ ಕೂಡ ಬಂತು. ವಾಂಗ್‌ಗೆ ಕೊಡಲು ಮುಂದಾದದ್ದು ಸಂಸಾರ ಕೆಡಿಸುವ ಉಪಪತ್ನಿಯ ಪಾತ್ರ. ಚೀನೀ ರಕ್ತದ ನನಗೇ ಈ ಚಿತ್ರದ ಕೆಟ್ಟ ಪಾತ್ರವೇ ಎಂದು ಅವರು ಒಲ್ಲೆ ಅಂದರು. ಚಿತ್ರ 1937ರಲ್ಲಿ ತೆರೆಗೆ ಬಂತು. 2022ರಲ್ಲಿ ಅಮೆರಿಕ ತನ್ನ ಕಾಲು ಡಾಲರ್ ನಾಣ್ಯದ ಮೇಲೆ ವಾಂಗ್ ಅವರ ಮುಖ ಅಚ್ಚೊತ್ತಿತು.

ಕರಿಯರ ಪಾಲಿಗೆ ಬಾಗಿಲು ಬೇರೆ ರೀತಿ ಮುಚ್ಚಿತ್ತು. ಪಾತ್ರ ಸಿಗುತ್ತಿತ್ತು, ಮನೆಗೆಲಸದವಳದ್ದು. ಅಂಥ ಒಂದು ಪಾತ್ರಕ್ಕೆ ಹ್ಯಾಟಿ ಮೆಕ್‌ಡ್ಯಾನಿಯಲ್ 1940ರಲ್ಲಿ ಆಸ್ಕರ್ ಗೆದ್ದರು. ಆಸ್ಕರ್ ಗೆದ್ದ ಮೊದಲ ಕರಿಯ ಕಲಾವಿದೆ. ಸಮಾರಂಭ ನಡೆದ ಹೋಟೆಲಿಗೆ ಕರಿಯರನ್ನು ಬಿಡುತ್ತಿರಲಿಲ್ಲ. ನಿರ್ಮಾಪಕರು ಕೇಳಿಕೊಂಡ ಮೇಲೆ ಬಿಟ್ಟರು. ಸಹನಟರ ಜೊತೆಗಲ್ಲ, ಬೇರೆ ಒಂದು ಸಣ್ಣ ಮೇಜಿನಲ್ಲಿ ಕೂರಿಸಿದರು.

ಈ ವಿಷಯ ಮಾತಾಡುವಾಗ ನಮ್ಮ ಕಡೆಯ ಗೆಳೆಯರು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ. ನಟನೆ ಅಂದರೇನೇ ಇನ್ನೊಬ್ಬರಾಗುವುದು ಅಲ್ವಾ? ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಹಾಕುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಕನ್ನಡದಲ್ಲಿ 'ಬಣ್ಣ ಹಚ್ಚುವುದು' ಅಂದರೇನೇ ನಟಿಸುವುದು. ಬಿಳಿಯ ನಟ ಚೀನೀಯನಾದರೆ ಏನು ತಪ್ಪು?

ಪ್ರಶ್ನೆ ಪ್ರಾಮಾಣಿಕವಾದದ್ದು, ಅದಕ್ಕೆ ಪ್ರಾಮಾಣಿಕವಾಗಿಯೇ ಉತ್ತರ ಕೊಡಬೇಕು. ಬಣ್ಣ ಹಚ್ಚುವುದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ದಾರಿ ಏಕಮುಖವಾಗಿತ್ತು. ಪಾಲ್ ಮುನಿ ಚೀನಾದ ರೈತನಾಗಬಹುದಿತ್ತು, ಆನಾ ಮೇ ವಾಂಗ್ ಫ್ರೆಂಚ್ ರಾಣಿಯಾಗುವಂತಿರಲಿಲ್ಲ. ಅಷ್ಟೇ ಅಲ್ಲ, ಅವರು ಚೀನೀ ಹೆಂಡತಿಯೂ ಆಗುವಂತಿರಲಿಲ್ಲ. ಎರಡು ಕಡೆಯೂ ಸಿಗದ ಮೇಲೆ ಹೊಟ್ಟೆಪಾಡಿಗೆ ಉಳಿಯುವುದು ಏನು? ಇನ್ನೊಂದು, ಬಣ್ಣ ಹಚ್ಚಿದ ಮುಖ ಏನನ್ನು ಹೇಳುತ್ತದೆ ಎಂಬುದು. 1961ರ ಹಾಲಿವುಡ್ ಚಿತ್ರವೊಂದರಲ್ಲಿ ಮಿಕಿ ರೂನಿ ಎಂಬ ಬಿಳಿಯ ನಟ ಉಬ್ಬುಹಲ್ಲು ಅಂಟಿಸಿಕೊಂಡು, ಕಣ್ಣು ಕಿರಿದಾಗಿಸಿಕೊಂಡು ಜಪಾನೀಯನಾಗಿ ಕುಣಿದರು. ಅದು ವೇಷವಾಗಿರಲಿಲ್ಲ, ಅಣಕವಾಗಿತ್ತು.

ಅದೇ ವರ್ಷದ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ನಡೆದದ್ದನ್ನು ರೀಟಾ ಮೊರೆನೊ ಆಮೇಲೆ ಹೇಳಿಕೊಂಡಿದ್ದಾರೆ. ಪೋರ್ಟೊ ರಿಕೊ ಎಂಬ ಕೆರಿಬಿಯನ್ ದ್ವೀಪದಿಂದ ನ್ಯೂಯಾರ್ಕಿಗೆ ಬಂದವರ ಕಥೆ ಅದು. ನಾಯಕಿಯ ಪಾತ್ರ ರಷ್ಯನ್ ಮೂಲದ ನಟಿಗೆ, ಅವಳ ಅಣ್ಣನ ಪಾತ್ರ ಗ್ರೀಕ್ ಮೂಲದ ನಟನಿಗೆ. ಮುಖ್ಯ ಪಾತ್ರಗಳಲ್ಲಿ ನಿಜಕ್ಕೂ ಪೋರ್ಟೊ ರಿಕೊದಲ್ಲಿ ಹುಟ್ಟಿದವರು ಮೊರೆನೊ. ಎಲ್ಲರಿಗೂ ಒಂದೇ ಕಂದು ಬಣ್ಣ ಬಳಿದರು, ಅವರಿಗೂ. ನಮ್ಮ ಜನ ಎಲ್ಲ ಬಣ್ಣದಲ್ಲೂ ಇದ್ದಾರೆ, ನನ್ನ ಬಣ್ಣ ಇದಲ್ಲ ಎಂದು ಅವರು ಮೇಕಪ್ ಮಾಡುವವರಿಗೆ ಹೇಳಿದರು. ಅವನು ತಿರುಗಿ ಕೇಳಿದ್ದು, ನೀನೇನು ಜನಾಂಗ ದ್ವೇಷಿಯಾ ಅಂತ. ಪೋರ್ಟೊ ರಿಕೊದ ಹೆಣ್ಣುಮಗಳಿಗೇ ಪೋರ್ಟೊ ರಿಕೊದ ಬಣ್ಣ ಬಳಿಯುವುದು ಅಂದರೆ ಏನು ಅಂತ ಯೋಚಿಸಿ. ಕಣ್ಣೆದುರಿನ ಮುಖಕ್ಕಿಂತ ಹಣೆಪಟ್ಟಿಯನ್ನೇ ಅವರು ಜಾಸ್ತಿ ನಂಬಿದ್ದರು.

ಇವತ್ತು ಅಂಥ ಬಣ್ಣ ಬಳಿಯುವುದು ಹೆಚ್ಚುಕಡಿಮೆ ನಿಂತಿದೆ. ಆದರೆ ಹಣೆಪಟ್ಟಿ ಎಷ್ಟು ಅಗಲ ಇರಬೇಕು ಎಂಬ ಜಗಳ ಮುಂದುವರಿದಿದೆ. 2017ರಲ್ಲಿ ಬ್ರಿಟಿಷ್ ನಟ ಎಡ್ ಸ್ಕ್ರೀನ್ 'ಹೆಲ್‌ಬಾಯ್' ಚಿತ್ರದ ಒಂದು ಪಾತ್ರ ಒಪ್ಪಿಕೊಂಡಿದ್ದರು. ಮೂಲ ಕಾಮಿಕ್ಸ್‌ನಲ್ಲಿ ಆ ಪಾತ್ರ ಜಪಾನ್ ಮೂಲದ್ದು ಎಂದು ಗೊತ್ತಾದ ಮೇಲೆ ತಾವೇ ಹಿಂದೆ ಸರಿದರು. ಅದು ದೊಡ್ಡ ಗುಣ. ಅವರ ಜಾಗಕ್ಕೆ ಬಂದವರು ಡ್ಯಾನಿಯಲ್ ಡೇ ಕಿಮ್, ಕೊರಿಯಾದಲ್ಲಿ ಹುಟ್ಟಿದವರು. ಎಲ್ಲರೂ ಮೆಚ್ಚಿದರು. ಅಂದರೆ ಕೊರಿಯಾದವರು ಜಪಾನಿನವರಾಗಬಹುದು, ಇಂಗ್ಲೆಂಡಿನವರು ಆಗಬಾರದು. ಟೋಕಿಯೋದಲ್ಲಾಗಲಿ ಸೋಲ್‌ನಲ್ಲಾಗಲಿ ಕೊರಿಯನ್ನರೂ ಜಪಾನೀಯರೂ ಒಂದೇ ಅಂದರೆ ಯಾರೂ ಒಪ್ಪುವುದಿಲ್ಲ. ಅವರಿಬ್ಬರನ್ನೂ ಒಂದು ಮಾಡಿದ್ದು 'ಏಷ್ಯನ್ ಅಮೆರಿಕನ್' ಎಂಬ ಹೆಸರು, ಆ ಹೆಸರಿನಲ್ಲಿ ಒಟ್ಟಿಗೆ ತಿಂದ ಪೆಟ್ಟು.

ಇನ್ನೊಂದು ಉದಾಹರಣೆ. ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ, ಗುಜರಾತಿನ ಬೇರಿನವರು, ಪಂಚಗಣಿಯಲ್ಲಿ ಓದಿದವರು. ಅವರ ಪಾತ್ರ ಮಾಡಿ 2019ರಲ್ಲಿ ಆಸ್ಕರ್ ಗೆದ್ದವರು ರಾಮಿ ಮಾಲೆಕ್, ಈಜಿಪ್ಟಿನಿಂದ ಬಂದ ತಂದೆತಾಯಿಯ ಮಗ. ಆಗಿನ ಸರ್ಕಾರಿ ಕಲಂ ಪ್ರಕಾರ ಮಾಲೆಕ್ ಬಿಳಿಯರು, ಮರ್ಕ್ಯುರಿ ಮೂಲ ಏಷ್ಯನ್. ಕಾಗದದ ಮೇಲೆ ನೋಡಿದರೆ ಬಿಳಿಯ ನಟ ಏಷ್ಯನ್ ಪಾತ್ರ ಮಾಡಿದ ಹಾಗಾಯಿತು. ನೋಡಿದವರಿಗೆ ಹಾಗೆ ಅನಿಸಲಿಲ್ಲ. ಥಿಂಡ್ ತೀರ್ಪಿನ 'ಸಾಮಾನ್ಯ ಮನುಷ್ಯನ ಕಣ್ಣು' ಇಲ್ಲೂ ಕೆಲಸ ಮಾಡುತ್ತಿದೆ, ಈ ಸಲ ಬೇರೆ ದಿಕ್ಕಿನಲ್ಲಿ.

ಪಾತ್ರಕ್ಕೆ ನಟರನ್ನು ಹುಡುಕುವ ಕ್ರಮ ಹೇಗಿರುತ್ತದೆ ಅಂದರೆ, ಪ್ರತಿ ಪಾತ್ರದ ಬಗ್ಗೆ ನಾಲ್ಕು ಸಾಲಿನ ವಿವರ ಬರೆದು ಏಜೆಂಟರಿಗೆ ಕಳಿಸುತ್ತಾರೆ. ಅದಕ್ಕೆ ಬ್ರೇಕ್‌ಡೌನ್ ಅನ್ನುತ್ತಾರೆ. ವಯಸ್ಸು, ಗುಣ, ಜೊತೆಗೆ ಜನಾಂಗ. ಜನಾಂಗ ಬರೆಯದಿದ್ದರೆ ಬಿಳಿಯ ಎಂದೇ ಓದಿಕೊಳ್ಳುವುದು ಬಹುಕಾಲದ ರೂಢಿ. ಅದನ್ನು ಮುರಿಯಲು 'ಓಪನ್ ಎಥ್ನಿಸಿಟಿ', ಅಂದರೆ ಯಾರು ಬೇಕಾದರೂ ಬರಬಹುದು ಎಂದು ಬರೆಯುವುದು ಬಂತು. 2010ರ 'ದಿ ಲಾಸ್ಟ್ ಏರ್‌ಬೆಂಡರ್' ಚಿತ್ರದ ಮುಖ್ಯ ಪಾತ್ರಗಳಿಗೆ ಕಳಿಸಿದ ವಿವರದಲ್ಲಿ 'ಕಕೇಷಿಯನ್ ಅಥವಾ ಬೇರೆ ಯಾವುದೇ ಮೂಲ' ಎಂದಿತ್ತು. ಕಥೆಯ ಲೋಕ ಪೂರ್ತಿ ಏಷ್ಯಾದ್ದು. ನಿರ್ದೇಶಕರು ಕೇರಳದ ಪಕ್ಕದ ನಮ್ಮ ಮಾಹೆ ಊರಿನಲ್ಲಿ ಹುಟ್ಟಿದ ಎಂ. ನೈಟ್ ಶ್ಯಾಮಲನ್. 'ಯಾವುದೇ' ಎಂಬ ಪದ ಇದ್ದರೂ ಮೊದಲು ಬಂದ ಪದವೇ ಬಾಗಿಲು ಕಾಯುತ್ತದೆ ಎಂದು ಅಭಿಮಾನಿಗಳು ಸಿಟ್ಟಾದರು.

ಕೆಲಸಕ್ಕೆ ತೆಗೆದುಕೊಳ್ಳುವಾಗ ಜನಾಂಗ ನೋಡುವುದು ಅಲ್ಲಿ ಕಾನೂನಿಗೆ ವಿರುದ್ಧ ಅಲ್ವಾ? ಹೌದು. 1964ರ ನಾಗರಿಕ ಹಕ್ಕುಗಳ ಕಾನೂನು ಲಿಂಗ, ಧರ್ಮಕ್ಕೆ ಕೆಲವು ವಿನಾಯಿತಿ ಕೊಡುತ್ತದೆ, ಜನಾಂಗಕ್ಕೆ ಕೊಡುವುದಿಲ್ಲ. ಆದರೆ ಸಿನಿಮಾ ಎಂಬುದು ಅಭಿವ್ಯಕ್ತಿ. ಪಾತ್ರಕ್ಕೆ ಯಾರನ್ನು ಆರಿಸಬೇಕು ಎಂಬುದು ಆ ಅಭಿವ್ಯಕ್ತಿಯ ಭಾಗ. ಟಿವಿಯ ರಿಯಾಲಿಟಿ ಶೋ ಒಂದು ತಮ್ಮನ್ನು ಬಣ್ಣ ನೋಡಿ ಕೈಬಿಟ್ಟಿತು ಎಂದು ಇಬ್ಬರು ಕರಿಯ ಯುವಕರು ಹಾಕಿದ ಮೊಕದ್ದಮೆಯನ್ನು 2012ರಲ್ಲಿ ಟೆನಿಸಿಯ ಕೇಂದ್ರ ನ್ಯಾಯಾಲಯ ಇದೇ ಕಾರಣಕ್ಕೆ ವಜಾ ಮಾಡಿತು. ಒಂದೇ ವಿನಾಯಿತಿ ಎರಡೂ ಕಡೆಗೆ ಕೆಲಸ ಮಾಡುತ್ತದೆ. ಕರಿಯ ನಾಯಕನ ಪಾತ್ರಕ್ಕೆ ಕರಿಯ ನಟರೇ ಬೇಕು ಅನ್ನಲೂ ಅದೇ ಆಸರೆ, ಎಲ್ಲರೂ ಬಿಳಿಯರೇ ಇರಲಿ ಅನ್ನಲೂ ಅದೇ.

ಹಾಗಾಗಿ ಬದಲಾವಣೆ ಬಂದದ್ದು ಕೋರ್ಟಿನಿಂದಲ್ಲ, ಜನರ ಒತ್ತಡದಿಂದ. 2015ರಲ್ಲಿ ಇಪ್ಪತ್ತು ಜನ ನಟನಟಿಯರ ನಾಮನಿರ್ದೇಶನದಲ್ಲಿ ಇಪ್ಪತ್ತೂ ಬಿಳಿಯರೇ ಇದ್ದಾಗ ಏಪ್ರಿಲ್ ರೀನ್ ಎಂಬ ವಕೀಲೆ 'ಆಸ್ಕರ್ಸ್ ಸೋ ವೈಟ್' ಎಂಬ ಹ್ಯಾಶ್‌ಟ್ಯಾಗ್ ಶುರುಮಾಡಿದರು. ಮುಂದಿನ ವರ್ಷವೂ ಹಾಗೇ ಆಯಿತು, ಕೂಗು ಜೋರಾಯಿತು. ಯುಸಿಎಲ್‌ಎ ವಿಶ್ವವಿದ್ಯಾಲಯದ ಅಧ್ಯಯನದ ಪ್ರಕಾರ 2011ರಲ್ಲಿ ಪ್ರಮುಖ ಚಿತ್ರಗಳ ಮುಖ್ಯ ಪಾತ್ರಗಳಲ್ಲಿ ಬಿಳಿಯೇತರರು 10.5 ಶೇಕಡಾ. 2020ಕ್ಕೆ ಅದು 39.7 ಶೇಕಡಾ ಆಯಿತು. ಆಮೇಲಿನ ವರ್ಷಗಳಲ್ಲಿ ಮತ್ತೆ ಇಳಿದಿದೆ.

ಈಗ ಮೊದಲಿನ ಪ್ರಶ್ನೆಗೆ. ಮರ್ಲ್ ಯಾಕೆ ಮುಚ್ಚಿಟ್ಟರು?

ಇದಕ್ಕೆ ನಮ್ಮ ನಾಡಿನ ಒಬ್ಬ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಹೆಗ್ಗಡದೇವನಕೋಟೆ ಕಡೆ, ಕಬಿನಿ ಹೊಳೆಯ ಹತ್ತಿರ, ಕಾರಾಪುರ ಎಂಬ ಊರಿದೆ. ಅಲ್ಲಿ 1924ರಲ್ಲಿ ಮಾವುತರ ಮನೆಯಲ್ಲಿ ಸಾಬು ಹುಟ್ಟಿದ. ಮೈಸೂರು ಮಹಾರಾಜರ ಆನೆಲಾಯದಲ್ಲಿ ಬೆಳೆದ. 1935ರಲ್ಲಿ 'ಎಲಿಫೆಂಟ್ ಬಾಯ್' ಚಿತ್ರಕ್ಕೆ ಹುಡುಗನನ್ನು ಹುಡುಕುತ್ತಾ ಬಂದ ತಂಡದ ಕಣ್ಣಿಗೆ ಬಿದ್ದ. ಆ ಚಿತ್ರದ ನಿರ್ಮಾಪಕ ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾ. ಮರ್ಲ್ ಓಬೆರಾನ್ ಅವರನ್ನು ತಾರೆಯಾಗಿ ಬೆಳೆಸಿದವರೂ ಅದೇ ಕೋರ್ಡಾ, 1939ರಲ್ಲಿ ಆಕೆಯನ್ನು ಮದುವೆಯಾದವರೂ ಅವರೇ.

ಒಬ್ಬನೇ ನಿರ್ಮಾಪಕ, ಭಾರತದಲ್ಲಿ ಹುಟ್ಟಿದ ಇಬ್ಬರು. ಸಾಬುವನ್ನು 'ಭಾರತದ ಕಾಡಿನ ಹುಡುಗ' ಎಂದು ಜಗತ್ತಿಗೆಲ್ಲ ಸಾರಿ ಮಾರಿದರು. ಮರ್ಲ್ ಅವರ ಭಾರತವನ್ನು ಒರೆಸಿಹಾಕಿದರು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಳಿಯ ದಂಪತಿಗೆ ಹುಟ್ಟಿದವರು ಎಂದು ಕಥೆ ಕಟ್ಟಿದರು. ಯಾರೂ ಹೋಗಿ ವಿಚಾರಿಸಲಾರದಷ್ಟು ದೂರದ ಊರು.

ಕಾರಣ ಸರಳ. ಭಾರತೀಯ ಹುಡುಗ ಆನೆ ಮೇಲೆ ಕೂತಿರಬಹುದು. ಬಿಳಿಯ ನಾಯಕನ ತೋಳಿನಲ್ಲಿ ಭಾರತೀಯ ಹೆಣ್ಣು ಇರುವಂತಿಲ್ಲ. ಸಾಬುವಿನ ಚಿತ್ರಗಳನ್ನೇ ನೋಡಿ. 1940ರ 'ಥೀಫ್ ಆಫ್ ಬಾಗ್ದಾದ್'ನಲ್ಲಿ ಕುಣಿದು, ಹಾರಿ, ರಾಕ್ಷಸನ ಬೆನ್ನೇರಿ ಕಥೆಯನ್ನು ಹೊತ್ತೊಯ್ಯುವವನು ಅವನೇ. ಆದರೆ ಬಾಗ್ದಾದಿನ ರಾಜ ಆಗಿದ್ದವನು ಇಂಗ್ಲಿಷ್ ನಟ, ರಾಜಕುಮಾರಿ ಇಂಗ್ಲಿಷ್ ನಟಿ. ಪ್ರೇಮ ಅವರದ್ದು. ಸಾಬು ಗೆಳೆಯ. ಕಾರಾಪುರದ ಹುಡುಗ ಅರಬನಾದ, ದ್ವೀಪದವನಾದ, ಕಂದು ಬಣ್ಣ ಬೇಕಾದ ಕಡೆಯೆಲ್ಲ ನಿಂತ. ದೊಡ್ಡವನಾದ ಮೇಲೂ ಹುಡುಗನಾಗಿಯೇ ಉಳಿದ.

ಎರಡನೇ ಮಹಾಯುದ್ಧದಲ್ಲಿ ಸಾಬು ಅಮೆರಿಕದ ಪೌರರಾದರು. ಅಲ್ಲಿನ ವಾಯುಸೇನೆಯ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಮೇಲೆ ಹಾರಾಡಿದರು, ಶೌರ್ಯಕ್ಕೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪಡೆದರು. ಯುದ್ಧ ಮುಗಿಸಿ ಬಂದವರಿಗೆ ಹಾಲಿವುಡ್ ಹಳೆಯ ಕಾಡಿನ ಪಾತ್ರಗಳನ್ನೇ ಕೊಟ್ಟಿತು, ಅವೂ ಸಣ್ಣ ಚಿತ್ರಗಳಲ್ಲಿ. 1963ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ 39 ವರ್ಷ. ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು ಎಂದು ಯೋಚಿಸಿದರೆ ಬೇಸರವಾಗುತ್ತದೆ.

ಮರ್ಲ್ ಕೊಟ್ಟ ಬೆಲೆ ಬೇರೆ. ಮುಖಕ್ಕೆ ಬೆಳ್ಳಗಿನ ಮೇಕಪ್ ದಪ್ಪಗೆ ಬಳಿಯಬೇಕಿತ್ತು, ಬೆಳಕನ್ನು ಲೆಕ್ಕ ಹಾಕಿ ಬಿಡಬೇಕಿತ್ತು. ಆಕೆ ಅಮ್ಮ ಎಂದು ಕರೆಯುತ್ತಿದ್ದ ಶಾರ್ಲೆಟ್ ಸಿಲೋನಿನವರು, ನಿಜದಲ್ಲಿ ಅಜ್ಜಿ. ಲಂಡನ್ನಿನಲ್ಲಿ ಅವರನ್ನು ಜೊತೆಗೇ ಇಟ್ಟುಕೊಂಡಿದ್ದರು. ಮನೆಗೆ ಬಂದವರಿಗೆ ಮನೆಗೆಲಸದವರು ಎಂದು ತೋರಿಸುತ್ತಿದ್ದರು. ಶಾರ್ಲೆಟ್ 1937ರಲ್ಲಿ ತೀರಿಕೊಂಡರು. ಎಷ್ಟೋ ವರ್ಷಗಳ ನಂತರ ಮರ್ಲ್ ಒಂದು ಹಳೆಯ ಫೋಟೊ ಕೊಟ್ಟು ಅವರ ಚಿತ್ರ ಬರೆಸಿದರು, ಮೈಬಣ್ಣ ತಿಳಿಯಾಗಿರಲಿ ಎಂದು ಚಿತ್ರಕಾರನಿಗೆ ಹೇಳಿದರು ಎಂದು ಅವರ ಬದುಕನ್ನು ಬರೆದವರು ದಾಖಲಿಸಿದ್ದಾರೆ. ಆ ಚಿತ್ರ ಆಕೆ ಇದ್ದ ಮನೆಗಳಲ್ಲೆಲ್ಲ ಗೋಡೆಯ ಮೇಲಿತ್ತು.

1967ರಲ್ಲಿ ಸುಪ್ರೀಂ ಕೋರ್ಟು ಬಣ್ಣ ನೋಡಿ ಮದುವೆ ತಡೆಯುವ ಕಾನೂನುಗಳನ್ನೆಲ್ಲ ರದ್ದು ಮಾಡಿತು. ಮರುವರ್ಷ ಹೇಸ್ ಕೋಡ್ ಪೂರ್ತಿ ಹೋಯಿತು. ಮರ್ಲ್ ಆಗಲೂ ಬಾಯಿ ಬಿಡಲಿಲ್ಲ. 1978ರಲ್ಲಿ ಟಾಸ್ಮೇನಿಯಾದ ರಾಜಧಾನಿ ಹೋಬಾರ್ಟ್ ತನ್ನ ಊರಿನ ಮಗಳಿಗೆ ಸನ್ಮಾನ ಇಟ್ಟುಕೊಂಡಿತು. ಮೇಯರ್ ಕರೆದ ಸಮಾರಂಭ. ಮರ್ಲ್ ಹೋದರು. ಅಲ್ಲಿ ಮುಟ್ಟಿದ ಸ್ವಲ್ಪ ಹೊತ್ತಿಗೆ, ತಾನು ಹುಟ್ಟಿದ್ದು ಇಲ್ಲಲ್ಲ ಎಂದರು. ಎಲ್ಲಿ ಎಂದು ಹೇಳಲಿಲ್ಲ. ಮೈ ಸರಿಯಿಲ್ಲ ಎಂದು ಎದ್ದು ಹೊರಟುಬಿಟ್ಟರು. ಮರುವರ್ಷ ತೀರಿಕೊಂಡರು.